‘ಮರೆತಿರಾ?’ ಎಂದು ಬರೆದವರು

ಬೆಳಗಿನ ಐದೂವರೆ. ಉಡುಗೊರೆ ಅಂಗಡಿಯ ಷಟರ್ ಇನ್ನೂ ಅರ್ಧಕ್ಕೇ ನಿಂತಿದೆ. ಬಗ್ಗಿ ಒಳಹೊಕ್ಕರೆ ಮೆಟ್ಟಿಲ ಕೆಳಗೆ ಗೂಡಿನಂಥ ಕೋಣೆ, ಒಂದು ಮೇಜು, ಒಂದು ಕಂಪ್ಯೂಟರ್. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಹೆಂಗಸೊಬ್ಬರು ಪರದೆಗೆ ಮರದ ಸ್ಕೇಲ್ ಒತ್ತಿ ಹಿಡಿದು ಒಂದೊಂದೇ ಸಾಲು ಓದುತ್ತಿದ್ದಾರೆ. ಅಂಗಡಿಯವರೆಲ್ಲ ಇವರನ್ನು ನೆನಪಕ್ಕ ಎನ್ನುತ್ತಾರೆ.

ಎಂಟು ಗಂಟೆಗೆ ಈ ಯಂತ್ರ ನಾಲ್ಕು ಸಾವಿರ ಜನರಿಗೆ ಇಮೇಲ್ ಕಳಿಸುತ್ತದೆ: ನಾಳೆ ನಿಮ್ಮವರ ಹುಟ್ಟುಹಬ್ಬ, ಹೂವು ಕಳಿಸೋಣವೇ? ಅದಕ್ಕೂ ಮೊದಲು ನೆನಪಕ್ಕ ಹಿಂದಿನ ದಿನ ಬಂದ ಮುನ್ನೂರು ಉತ್ತರಗಳನ್ನು ಓದಿ, ತೀರಿಕೊಂಡವರ ಹೆಸರುಗಳನ್ನು ಪಟ್ಟಿಯಿಂದ ತೆಗೆಯಬೇಕು. ದಿನಕ್ಕೆ ಹತ್ತು ಹನ್ನೆರಡು ಹೆಸರು ಸಿಗುತ್ತವೆ. ಈ ಕೆಲಸ ಮಾಡಿ ಎಂದು ಅವರಿಗೆ ಯಾರೂ ಹೇಳಿಲ್ಲ.

ಸಂದರ್ಶನ ಬೇಡವೆಂದು ಎರಡು ಸಲ ನನ್ನನ್ನು ಸಾಗಹಾಕಿದ್ದರು. ಮೂರನೆಯ ಸಲ ತಾವೇ ಫೋನ್ ಮಾಡಿದರು. “ಬನ್ನಿ. ಆದ್ರೆ ಹೊಗಳೋಕೆ ಅಂತ ಬರಬೇಡಿ. ಒಬ್ಬರ ಹತ್ರ ನಾನು ತಪ್ಪು ಒಪ್ಕೋಬೇಕು. ಅವರೆಲ್ಲಿದ್ದಾರೋ ಗೊತ್ತಿಲ್ಲ. ನಿಮ್ಮ ಪೇಪರ್ ಓದ್ತಾರೇನೋ.”

ಇಪ್ಪತ್ತೇಳು ವರ್ಷಗಳ ಹಿಂದೆ ಅವರು ಇಲ್ಲಿಗೆ ಬಂದದ್ದು ಟೈಪಿಸ್ಟ್ ಆಗಿ. ಇಂಟರ್ನೆಟ್ಟಿನಲ್ಲೂ ಒಂದು ಅಂಗಡಿ ತೆರೆಯಬೇಕೆಂಬ ಹುಚ್ಚು ಆಗಿನ ಯಜಮಾನರಿಗೆ ಹತ್ತಿತ್ತು. ಫೋನಿನ ತಂತಿಯಲ್ಲೇ ಸಂಪರ್ಕ. ಮಹಡಿಯಲ್ಲಿ ಯಜಮಾನರ ಹೆಂಡತಿ ತಂಗಿಗೆ ಫೋನ್ ಮಾಡಲು ರಿಸೀವರ್ ಎತ್ತಿದರೆ ಅಂಗಡಿ ಬಾಗಿಲು ಹಾಕಿದಂತೆಯೇ. ಮೊದಲ ತಿಂಗಳು ಮೂರು ಆರ್ಡರ್ ಬಂದವು. ಅದರಲ್ಲಿ ಎರಡು ಯಜಮಾನರ ಭಾವಮೈದುನನವು.

“ಕಂಪ್ಯೂಟರ್ ತಾನೇ ಹೂವು ಕಳಿಸುತ್ತೆ ಅಂತ ಜನ ಅಂದ್ಕೊಂಡಿದ್ರು. ಪ್ರಿಂಟ್ ತಗೊಂಡು ಮೂಲೆಯ ಹೂವಿನ ಅಂಗಡಿಗೆ ಓಡ್ತಿದ್ದೋಳು ನಾನು” ಎಂದು ನಗುತ್ತಾರೆ.

ಆರ್ಡರ್ ಫಾರಂನಲ್ಲಿ ಉಡುಗೊರೆ ಯಾರಿಗೆ, ಏನಾಗಬೇಕು, ಹುಟ್ಟಿದ ದಿನ ಯಾವುದು ಎಂದೆಲ್ಲ ಇರುತ್ತಿತ್ತು. ಮುಂದಿನ ವರ್ಷ ಅದೇ ದಿನಕ್ಕೆ ಅವರಿಗೆ ಬರೆದರೆ ಹೇಗೆ ಎಂದು ಹೊಳೆದದ್ದು ಇವರಿಗೆ. ಯಜಮಾನರು ‘ಮಾನ್ಯ ಗ್ರಾಹಕರೇ’ ಎಂದು ಶುರುಮಾಡಿ ಉದ್ದದ ಒಕ್ಕಣೆ ಬರೆದುಕೊಟ್ಟರು. ಯಾರೂ ಕ್ಯಾರೇ ಎನ್ನಲಿಲ್ಲ. ಇವರು ಅದನ್ನು ಪಕ್ಕಕ್ಕಿಟ್ಟು, ತಲೆಬರಹದಲ್ಲಿ ಒಂದೇ ಪದ ಹಾಕಿದರು: ‘ಮರೆತಿರಾ?’

“ಆವತ್ತು ಫೋನ್ ಕೆಳಗಿಡೋಕೆ ಆಗ್ಲಿಲ್ಲ. ನಾನಂತೂ ಹಿಗ್ಗಿ ಹೀರೇಕಾಯಿ ಆಗಿದ್ದೆ. ಜನರಿಗೆ ನಾಚಿಕೆ ಆದ್ರೆ ಬೇಗ ಕೊಂಡ್ಕೊಳ್ತಾರೆ ಅನ್ನೋದು ನನಗೆ ಆಗಲೇ ಗೊತ್ತಾಗಿಹೋಯ್ತು.”

ಈ ಮಾತು ಕೇಳಿ ನಾನೂ ತಲೆ ತಗ್ಗಿಸಿದೆ. ಆ ಒಂದು ಪದ ಓದಿ ಗಡಿಬಿಡಿಯಲ್ಲಿ ಅಮ್ಮನಿಗೆ ಹೂವು ಕಳಿಸಿದವರಲ್ಲಿ ನಾನೂ ಒಬ್ಬ. ಮಗ ನೆನಪಿಟ್ಟುಕೊಂಡನಲ್ಲ ಎಂದು ಅಮ್ಮ ಅಕ್ಕಪಕ್ಕದವರಿಗೆಲ್ಲ ಹೇಳಿದ್ದರು. ಇಂದಿಗೂ ನಾನು ನಿಜ ಹೇಳಿಲ್ಲ.

ಮೂರನೆಯ ವರ್ಷ ಒಬ್ಬ ತಂದೆಯಿಂದ ಉತ್ತರ ಬಂತು. ‘ನನ್ನ ಮಗಳು ತೀರಿಕೊಂಡು ಏಳು ತಿಂಗಳಾಯಿತು. ಮರೆತಿಲ್ಲ.’ ಅಷ್ಟೇ ಇತ್ತು.

ಪಟ್ಟಿಯಲ್ಲಿ ಹೆಸರು, ಸಂಬಂಧ, ದಿನಾಂಕಗಳಿಗೆಲ್ಲ ಜಾಗವಿತ್ತು, ಸಾವಿಗೆ ಇರಲಿಲ್ಲ. ನೆನಪಕ್ಕ ಹುಡುಗಿಯ ಹೆಸರನ್ನು ತೆಗೆದುಹಾಕಿದರು. ಎಡವಟ್ಟಾದದ್ದು ಅಲ್ಲೇ. ಸ್ಕೇಲನ್ನು ಪರದೆಗೆ ಅಡ್ಡ ಹಿಡಿದು ನನಗೆ ತೋರಿಸುತ್ತಾರೆ. “ಇಡೀ ಸಾಲು ತೆಗೀಬೇಕಿತ್ತು. ನಾನು ಹೆಸರಿದ್ದ ಚೌಕ ಒಂದನ್ನೇ ತೆಗೆದೆ. ಕೆಳಗಿನ ಹೆಸರುಗಳೆಲ್ಲ ಒಂದೊಂದು ಚೌಕ ಮೇಲಕ್ಕೆ ಹತ್ತಿಬಿಟ್ವು. ದಿನಾಂಕ, ವಿಳಾಸ ಇದ್ದಲ್ಲೇ ಇದ್ವು. ನಾನು ನೋಡಲೇ ಇಲ್ಲ.”

ಮರುವರ್ಷ ನಾನೂರು ಮನೆಗಳಿಗೆ ಬೇರೆಯವರ ಮನೆಯ ಹೆಸರು ಹೋಯಿತು. ಕೆಲವರು ನಕ್ಕರು, ಕೆಲವರು ಬೈದರು. ಗಂಡನ ಇಮೇಲಿನಲ್ಲಿ ‘ನಿಮ್ಮ ಹೆಂಡತಿ’ ಎಂದು ಯಾರದೋ ಹೆಸರು ಕಂಡು ಒಂದು ಮನೆಯಲ್ಲಿ ದೊಡ್ಡ ರಂಪವೇ ಆಯಿತಂತೆ. ಆ ತಂದೆಗೂ ಯಾರದೋ ಮಗಳ ಹೆಸರು ಹಾಕಿ, ತಮ್ಮ ಮಗಳ ಹುಟ್ಟಿದ ದಿನಕ್ಕೆ, ‘ಮರೆತಿರಾ?’ ಎಂದು ಹೋಯಿತು.

ಅವರು ಬೈಯಲಿಲ್ಲ. ಇದು ನನ್ನ ಮಗಳ ಹೆಸರಲ್ಲ ಎಂದು ಬರೆದು, ಅವಳ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಬರೆದಿದ್ದರು. ಕೊನೆಗೆ, ‘ದಯವಿಟ್ಟು ತಿದ್ದಿಕೊಳ್ಳಿ’ ಎಂದಿತ್ತು.

“ತೆಗೆದುಹಾಕಿ ಅಂತ ಕೇಳಲಿಲ್ಲ ನೋಡಿ ಅವರು. ತಿದ್ದಿಕೊಳ್ಳಿ ಅಂದ್ರು.” ನೆನಪಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. “ನಾನೇನು ಮಾಡಿದೆ ಗೊತ್ತಾ? ನಾನೂರು ಜನಕ್ಕೂ ಒಂದೇ ಉತ್ತರ ಕಳಿಸಿದೆ. ತಾಂತ್ರಿಕ ದೋಷ, ವಿಷಾದಿಸುತ್ತೇವೆ ಅಂತ. ಯಜಮಾನ್ರೂ ನಂಬಿದ್ರು, ಗಿರಾಕಿಗಳೂ ನಂಬಿದ್ರು. ಇಲ್ಲಿ ಒಬ್ಬ ಹೆಂಗಸು ಕೂತು ಪಟ್ಟಿ ತಿದ್ತಾಳೆ ಅಂತ ಯಾರಿಗೂ ಗೊತ್ತಿರಲಿಲ್ವಲ್ಲ, ಯಂತ್ರದ ಹಿಂದೆ ಬಚ್ಚಿಟ್ಕೊಂಡೆ.”

ಮಾರನೆಯ ದಿನವೇ ಬೆಳಗಿನ ಈ ಓದು ಶುರುವಾಯಿತು. ಗಂಡನಿಗೂ ಕಾರಣ ಗೊತ್ತಾದದ್ದು ಹೋದ ವರ್ಷ. ಅವರು ಫ್ಲಾಸ್ಕಿಗೆ ಚಹಾ ತುಂಬಿ ಕೈಗಿಟ್ಟರಂತೆ. ಈಗ ಅಂಗಡಿ ನೋಡಿಕೊಳ್ಳುವ ಚಿಕ್ಕ ಯಜಮಾನರು, ಇದಕ್ಕೆಲ್ಲ ಸಾಫ್ಟ್‌ವೇರ್ ಇದೆ, ನಿದ್ದೆ ಕೆಡಿಸಿಕೊಳ್ಳಬೇಡಿ ಎನ್ನುತ್ತಾರೆ. ಇವರು ತಲೆಯಾಡಿಸಿ, ಮರುದಿನ ಮತ್ತೆ ಐದೂವರೆಗೆ ಬರುತ್ತಾರೆ.

ಧೈರ್ಯ ಮಾಡಿ ಆ ತಂದೆಗೆ ನಿಜ ಬರೆದು ಕಳಿಸುವ ಹೊತ್ತಿಗೆ ಹನ್ನೊಂದು ವರ್ಷ ಕಳೆದಿತ್ತು. ಅಂಥ ವಿಳಾಸವೇ ಇಲ್ಲವೆಂದು ಇಮೇಲ್ ವಾಪಸ್ಸು ಬಂತು. ಆಮೇಲೆ ಪ್ರತಿ ವರ್ಷ ಕಳಿಸಿದ್ದಾರೆ, ಪ್ರತಿ ವರ್ಷವೂ ವಾಪಸ್ಸು ಬಂದಿದೆ.

“ಯಂತ್ರದ ತಪ್ಪಲ್ಲ, ನಾನೇ ಮಾಡಿದ್ದು, ಆಮೇಲೆ ಸುಳ್ಳೂ ಹೇಳಿದೆ. ಇಷ್ಟು ಬರೀರಿ ಸಾಕು” ಎಂದು ನನ್ನ ನೋಟ್‌ಬುಕ್ಕಿನತ್ತ ನೋಡುತ್ತಾರೆ.

ಇದು ತಮಗೇ ಹೇಳಿದ್ದೆಂದು ಆ ತಂದೆಗೆ ತಿಳಿಯಲು ಮಗಳ ಹೆಸರು ಹಾಕಬಹುದಲ್ಲ ಎನ್ನುತ್ತೇನೆ. ಹೆಸರು ನೆನಪಕ್ಕನಿಗೆ ಅಕ್ಷರ ಅಕ್ಷರವೂ ನೆನಪಿದೆ. ನನ್ನ ಪ್ರಶ್ನೆ ಎಂಥದೆಂದು ನನಗೆ ಹೊಳೆದದ್ದು ಅವರು ಉತ್ತರ ಕೊಟ್ಟ ಮೇಲೆ.

“ಬೇಡ. ಹೂವು ಮಾರೋಕೆ ಆ ಮಗುವಿನ ಹೆಸರನ್ನ ಅವರನ್ನ ಕೇಳದೇ ಒಂದು ಸಲ ಬಳಸ್ಕೊಂಡಾಯ್ತು.”