ಗಂಗವ್ವನ ವಯಸ್ಸು

ಮೊನ್ನೆ ನಮ್ಮ ಹಳೇ ಗಾದಿ ಬಿಚ್ಚಿಸಿದೆ. ಬೈಲಹೊಂಗಲದಲ್ಲಿ ಈಗ ಗಾದಿ ಹಿಂಜುವವರು ಅಪರೂಪ. ಮಂದಿ ಅಂಗಡಿಯಿಂದ ಸ್ಪಂಜಿನದು ತಂದು ಹಾಸಿಬಿಡುತ್ತಾರೆ. ನನ್ನ ಬೆನ್ನು ಹಳೇ ಪದ್ಧತಿಯದು, ಅರಳೆಯನ್ನೇ ಕೇಳುತ್ತದೆ. ಸಂಪಗಾಂವದಿಂದ ಬಂದ ಮುದುಕನೊಬ್ಬ ಅಂಗಳದಲ್ಲಿ ಕೂತು ಹೊಲಿಗೆ ಬಿಚ್ಚಿದ. ಇಷ್ಟು ವರ್ಷ ಅದುಮಿಕೊಂಡಿದ್ದ ಅರಳೆಯಿಂದ ಒಂದು ವಾಸನೆ ಎದ್ದಿತು ನೋಡ್ರಿ, ಧೂಳು, ಬಿಸಿಲು, ಹತ್ತಿಕಾಳಿನ ಎಣ್ಣೆ ಮೂರೂ ಕಲೆತದ್ದು. ಕೈಯಲ್ಲಿದ್ದ ಚಹಾ ಮರೆತೆ. ಗಂಗವ್ವ ಬಂದಳೇನೋ ಎಂದು ಬಾಗಿಲ ಕಡೆ ನೋಡಿದೆ.

ಗಂಗವ್ವ ನಮ್ಮ ಓಣಿಯವಳು. ಊರಂಚಿನ ಹತ್ತಿ ಮಿಲ್ಲಿನಲ್ಲಿ ಅರಳೆಯೊಳಗಿನ ಕಸ ಆರಿಸುವುದು ಆಕೆಯ ಕೆಲಸ. ಆಗೆಲ್ಲ ಹತ್ತಿ ಸುಗ್ಗಿ ಬಂತೆಂದರೆ ಇಡೀ ಊರು ಮಧ್ಯಾಹ್ನದ ನಿದ್ದೆಯೊಳಗೆ ಇದ್ದಂತಿರುತ್ತಿತ್ತು. ದೂರದಲ್ಲಿ ಮಿಲ್ಲಿನ ಗುಂಯ್ ಸದ್ದು. ಗಾಳಿಯಲ್ಲಿ ತೇಲಿ ಬಂದ ಎಳೆಗಳು ಕರೆಂಟಿನ ತಂತಿಯ ಮೇಲೆ, ಬೇವಿನ ಎಲೆಯ ಮೇಲೆ, ಎಮ್ಮೆಯ ಬೆನ್ನ ಮೇಲೆ ಇಳಿಯುತ್ತಿದ್ದವು. ನಾನು ಪಾಠ ಹೇಳುವಾಗ ಹುಡುಗರು ತೂಕಡಿಸುತ್ತಿದ್ದುದಕ್ಕೂ ಆ ಅರಳೆಯೇ ಕಾರಣ ಎಂದು ನಾನು ಇಂದಿಗೂ ವಾದಿಸುತ್ತೇನೆ. ಸಂಜೆ ಗಂಗವ್ವ ಮಿಲ್ಲಿನಿಂದ ಬರುವಾಗ ಹುಬ್ಬು, ತಲೆ, ಸೆರಗು ಎಲ್ಲ ಬೆಳ್ಳಗೆ. ಯಾವುದು ಅರಳೆ, ಯಾವುದು ನರೆ ಎಂದು ತಿಳಿಯುತ್ತಿರಲಿಲ್ಲ. ತಾನಿನ್ನೂ ಪರಕಾರ ಉಡುವ ಹುಡುಗಿಯಾಗಿದ್ದಾಗ ಕೂಸಾಗಿದ್ದ ನನ್ನನ್ನು ಟೊಂಕದ ಮೇಲೆ ಹೊತ್ತು ಓಣಿಯೆಲ್ಲ ತಿರುಗಿದವಳು ಆಕೆ.

ಮಾಸ್ತರರಿಗೆ ಸಾಲಿ ಕೆಲಸವೊಂದು ಬಿಟ್ಟು ಉಳಿದದ್ದೆಲ್ಲ ಹಚ್ಚುವುದು ಸರಕಾರದ ಪದ್ಧತಿ. ತೊಂಬತ್ತರ ದಶಕದ ನಡುವೆ, ಫೋಟೋ ಇದ್ದ ಮತದಾರರ ಕಾರ್ಡು ಹೊಸದಾಗಿ ಬಂದಾಗ, ನಮ್ಮ ಓಣಿಯ ಹೆಸರು, ವಯಸ್ಸು ಬರೆಯುವ ಕೆಲಸ ನನಗೇ ಬಂತು.

"ನಲವತ್ತೆಂಟು ಬರ್ಕೋರಿ ಮಾಸ್ತರ್ರ," ಅಂದಳು ಗಂಗವ್ವ.

"ಯವ್ವಾ, ನನಗs ಐವತ್ತಾತು. ನನ್ನ ಎತ್ತಿ ಆಡಿಸಿದಾಕಿ ನೀನು."

"ಅದು ನಿಮಗ ಗೊತ್ತು, ನನಗ ಗೊತ್ತು. ಮಿಲ್ಲಿನ ಮುಕ್ಕಾದಮಗ ಗೊತ್ತಾಗೂದು ಬ್ಯಾಡ. ಅರವತ್ತು ದಾಟಿದವ್ರನ್ನ ಒಳಗ ಬಿಡವಲ್ಲ ಅಂವ. ದುಡೀಲಿಲ್ಲಂದ್ರ ರೊಟ್ಟಿ ಯಾರು ಕೊಡ್ತಾರ?"

ಬರೆದೆ. ನನ್ನನ್ನು ಹೊತ್ತು ತಿರುಗಿದವಳು ನನ್ನ ಪೆನ್ನಿನಿಂದಲೇ ನನಗಿಂತ ಎರಡು ವರ್ಷ ಸಣ್ಣವಳಾದಳು. ಪುಣ್ಯದ ಕೆಲಸ ಮಾಡಿದೆ ಎಂದು ಮನೆಗೆ ಬಂದು ಎರಡು ರೊಟ್ಟಿ ಹೆಚ್ಚೇ ಉಂಡೆ.

ಹಾಗೆ ನೋಡಿದರೆ ನನ್ನ ಐವತ್ತೂ ಸುಳ್ಳೇ. ನನ್ನನ್ನು ಸಾಲಿಗೆ ಹಚ್ಚುವಾಗ ಹುಟ್ಟಿದ ದಿನ ಕೇಳಿದರೆ ನಮ್ಮಪ್ಪ, "ಆ ವರ್ಷ ಜ್ವಾಳ ಚಲೋ ಬಂದಿದ್ವು," ಅಂದನಂತೆ. ಮಾಸ್ತರರು ಎರಡು ವರ್ಷ ಇಳಿಸಿ ಜೂನ್ ಒಂದು ಎಂದು ಬರೆದುಕೊಂಡರು. ನನ್ನ ವಾರಿಗೆಯವರೆಲ್ಲ ಜೂನ್ ಒಂದಕ್ಕೇ ಹುಟ್ಟಿದವರು. ಆ ಸುಳ್ಳಿನಿಂದ ನನಗೆ ಎರಡು ವರ್ಷ ಹೆಚ್ಚಿಗೆ ಪಗಾರ ಸಿಕ್ಕಿತು. ಗಂಗವ್ವನ ಸುಳ್ಳು ಆಕೆಗೆ ಏನು ಕೊಟ್ಟಿತು ಎನ್ನುವುದು ತಿಳಿಯಲು ಎಂಟು ವರ್ಷ ಹಿಡಿಯಿತು.

ನಾನು ನಿವೃತ್ತಿಯಾಗಲು ಎರಡು ತಿಂಗಳಿದ್ದಾಗ ಒಂದು ದಿನ ಬಂದಳು. "ಬೆರಳು ಮಡಚವಲ್ಲವು ಮಾಸ್ತರ್ರ. ಮುದುಕರಿಗೆ ಸರಕಾರ ಪೆನ್ಶನ್ ಕೊಡತೈತಂತ. ಇನ್ನ ಒಂದೀಟು ಕುಂಡ್ರಬೇಕು ಅನಸೇತಿ." ಇಬ್ಬರೂ ತಾಲೂಕು ಕಚೇರಿಗೆ ಹೋದೆವು. ಗುಮಾಸ್ತ ಕಾರ್ಡು ನೋಡಿದ. "ಈಕೀಗೆ ಈಗ ಐವತ್ತಾರು. ಅರವತ್ತೈದು ಆಗಬೇಕು, ಒಂಬತ್ತು ವರ್ಷ ಬಿಟ್ಟು ಬರ್ರಿ. ಇಲ್ಲಾಂದ್ರ ಬರದವ್ರ ಕಡಿಂದ ತಪ್ಪಾಗೇತಿ ಅಂತ ಬರಿಸಿಕೊಂಡು ಬರ್ರಿ."

ಗಂಗವ್ವ ನನ್ನ ಮುಖ ನೋಡಿದಳು. ಬರೆದವನು ನಾನೇ. ಆದರೆ ಸರಕಾರಿ ಪಟ್ಟಿಯಲ್ಲಿ ಸುಳ್ಳು ಬರೆದೆ ಎಂದು ಸಹಿ ಮಾಡಿದರೆ ನನ್ನ ಪೆನ್ಶನ್ ಗತಿ ಏನು? ಕಾರ್ಡು ವಾಪಸ್ ಇಸಗೊಂಡೆ. ಹೊರಗೆ ಬಂದು, "ನನ್ನ ಪೆನ್ಶನ್ ಕಾಗದ ಒಂದು ಬರ್ಲಿ ಗಂಗವ್ವ, ಆಮ್ಯಾಲೆ ಬರದು ಕೊಡ್ತೇನಿ," ಅಂದೆ.

"ಆತು ತಗೋರಿ," ಅಂದಳು.

ಮೇ ತಿಂಗಳ ಕೊನೆಗೆ ಶಾಲು ಹೊದಿಸಿ, ಹಾರ ಹಾಕಿ, ವಿಶ್ರಾಂತಿಯ ಬಗ್ಗೆ ಭಾಷಣ ಮಾಡಿ ನನ್ನನ್ನು ಮನೆಗೆ ಕಳಿಸಿದರು. ಮರುದಿನ ಮುಂಜಾನೆ ಕಟ್ಟೆಯ ಮೇಲೆ ಕೂತಿದ್ದೆ. ಬುತ್ತಿ ಹಿಡಿದು ಮಿಲ್ಲಿಗೆ ಹೊರಟಿದ್ದ ಗಂಗವ್ವ ನಿಂತು, "ಕಾಗದ ಬಂತೇನ್ರಿ?" ಅಂದಳು. ದಿನಾ ಅದೇ ಪ್ರಶ್ನೆ. ನನ್ನ ಬಗ್ಗೆ ಎಷ್ಟು ಕಾಳಜಿ ಈ ಜೀವಕ್ಕೆ ಎಂದು ಹಿಗ್ಗಿದೆ! ನನ್ನಂಥ ಶಾಣ್ಯಾ ಯಾರಿದ್ದಾರು ಹೇಳಿ.

ದಸರೆಗೆ ಕಾಗದ ಬಂತು. ನಾನು ಹೇಳಲಿಲ್ಲ. ಮೊದಲ ತಿಂಗಳದ್ದು ಕೈಗೆ ಬರಲಿ ಅಂದುಕೊಂಡೆ. ಅದು ಬಂದ ಮೇಲೆ ಇನ್ನೂ ಸ್ವಲ್ಪ ಗಟ್ಟಿಯಾಗಲಿ ಅಂದುಕೊಂಡೆ. ಆಕೆ ಕೇಳುವುದನ್ನೇ ಬಿಟ್ಟಳು. ಮತ್ತೆ ಸುಗ್ಗಿ ಬಂತು, ಓಣಿಯಲ್ಲಿ ಮತ್ತೆ ಎಳೆಗಳು ತೇಲತೊಡಗಿದವು.

ಒಂದು ಮಧ್ಯಾಹ್ನ ಬಾಗಿಲು ತೆಗೆದರೆ ನಮ್ಮ ಕಟ್ಟೆಯ ಮೇಲೆ ಗಂಗವ್ವ ಮಲಗಿದ್ದಳು. ಚಳಿಜ್ವರ ಎಂದು ಮಿಲ್ಲಿನಿಂದ ಹೊರಟವಳು ಮನೆ ಮುಟ್ಟದೆ ಅಲ್ಲೇ ಅಡ್ಡಾಗಿದ್ದಳು. ಮೈಮೇಲೆಲ್ಲ ಅರಳೆ. ಗಾಢ ನಿದ್ದೆ, ಆದರೆ ಬೆರಳು ನಿದ್ದೆ ಮಾಡಿರಲಿಲ್ಲ. ಗಾಳಿಯಲ್ಲಿ ಇಲ್ಲದ ಕಸವನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕೆ ಹಾಕುತ್ತಿದ್ದವು. ಎಷ್ಟು ಹೊತ್ತು ನೋಡುತ್ತ ನಿಂತೆನೋ. ನನಗೆ ನಾಚಿಕೆಯಾಯಿತು.

ಜ್ವರ ಇಳಿದ ಮೇಲೆ ಆಕೆಯನ್ನು ಕರೆದುಕೊಂಡು ಕಚೇರಿಗೆ ಹೋದೆ. ವಯಸ್ಸು ತಪ್ಪು ಬರೆದವನು ನಾನೇ ಎಂದು ಸಹಿ ಮಾಡಿದ ಕಾಗದ ಕೊಟ್ಟೆ. ಗುಮಾಸ್ತ ನನ್ನ ಹೆಸರು ಕೂಡ ಓದಲಿಲ್ಲ. ಉಳಿದ ಕಾಗದಗಳ ಕೆಳಗೆ ಸೇರಿಸಿದ.

"ಇಷ್ಟs ಏನ್ರಿ?" ಅಂದೆ.

"ಇಷ್ಟರಿ. ಮೊದಲs ತಂದಿದ್ರ ಮೊದಲs ಆಗತಿತ್ತು."

ಬರುವಾಗ ಗಂಗವ್ವನಿಗೆ, "ತಪ್ಪಾತವ್ವ," ಅಂದೆ.

"ನಿಮ್ಮದೇನ್ ತಪ್ಪರಿ. ನಲವತ್ತೆಂಟು ಅಂದಾಕಿ ನಾನs." ಸೆರಗಿಗೆ ಅಂಟಿದ್ದ ಎಳೆಯೊಂದನ್ನು ಆರಿಸಿ ಒಗೆದಳು. "ಖರೆ, ಈ ಸುಗ್ಗಿ ಒಂದು ತಪ್ಪಸಬಹುದಿತ್ತು."

ಪೆನ್ಶನ್ ಬಂದ ಮೇಲೆ ತೀರಿಕೊಳ್ಳುವವರೆಗೆ ಆಕೆ ಎರಡು ವರ್ಷ ಕೂತಳು, ಅಷ್ಟೇ. ನಮ್ಮ ಕಟ್ಟೆಯ ಮೇಲೆಯೇ ಕೂಡುತ್ತಿದ್ದಳು. ಸಿಟ್ಟಿನ ಮಾತು ಒಂದೂ ಆಡಲಿಲ್ಲ. ಆಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮೊನ್ನೆ ಆ ಗಾದಿಯ ಅರಳೆ ಅಂಗಳದಲ್ಲಿ ಬೆಟ್ಟದಂತೆ ಉಬ್ಬಿತ್ತು. ಮುದುಕನ ಹುಬ್ಬೂ ಬೆಳ್ಳಗಾಗಿತ್ತು. "ವಯಸ್ಸೆಷ್ಟರಿ ಅಜ್ಜಾರ?" ಎಂದು ಕೇಳಿದೆ.

ಅವನ ಕೈ ನಿಂತಿತು. "ಯಾಕ್ರಿ, ಕೆಲಸ ಚಲೋ ಆಗಿಲ್ಲೇನ್ರಿ?"

"ಚಲೋ ಆಗೇತಿ. ಪೆನ್ಶನ್‌ಗೆ ಅರ್ಜಿ ಹಾಕೀರೇನು ಅಂತ ಕೇಳಿದ್ನಿ."

"ಹಾಕಿದ್ನರಿ. ಕಾರ್ಡಿನ್ಯಾಗ ಐವತ್ತೆಂಟು ಐತಂತ. ಯಾರೋ ಮಾಸ್ತರು ಬರದಾರ."

ಆರಿದ ಚಹಾ ಚೆಲ್ಲಿ, ಒಳಗೆ ಹೋಗಿ ಕನ್ನಡಕ, ಪೆನ್ನು ತಂದೆ. "ಗಾದಿ ಅಲ್ಲೇ ಇರ್ಲಿ, ಏಳ್ರಿ. ಕಚೇರಿ ಮುಚ್ಚಾಕ ಇನ್ನೂ ಎರಡು ತಾಸ ಐತಿ," ಎಂದು ಚಪ್ಪಲಿ ಮೆಟ್ಟಿಕೊಂಡೆ.