ಮಾರುತಿ ಹೇಳದೆ ಉಳಿಸಿದ ಮಾತು

ಬೆಳಗಾವಿಯಲ್ಲಿ ಬಾಡಿಗೆ ಕೋಣೆ ಕೇಳಿದ ದಿನ ಮನೆಯೊಡತಿ ಮರಾಠಿಯಲ್ಲಿ ಏನೋ ಅಂದರು. ತಿಳಿಯದೆ ತಲೆಯಾಡಿಸಿದೆ. ಆಕೆ ಕನ್ನಡಕ್ಕೆ ತಿರುಗಿದರು. ಅದೂ ಅರ್ಧವೇ ತಿಳಿಯಿತು. ತಿಪಟೂರಿನಿಂದ ಬಂದ ನಾನು ನನ್ನದೇ ಭಾಷೆಯಲ್ಲಿ ಕಿವುಡನಾಗಿದ್ದೆ.

ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಕೆಲಸ. ನಾನು ನಮ್ಮ ಕಡೆಯ ಮಾತಲ್ಲಿ 'ಕೂತ್ಕೊಳ್ಳಿ' ಅಂದರೆ ಜೊತೆಯವರು ನಗುತ್ತಿದ್ದರು. ಊರಲ್ಲಿ ಮುದ್ದೆ ನುಂಗುವಾಗ ಸುತ್ತ ಐದು ಬಾಯಿ ಮಾತಾಡುತ್ತಿದ್ದವು. ಇಲ್ಲಿ ಖಾನಾವಳಿಯಲ್ಲಿ ಜೋಳದ ರೊಟ್ಟಿ ಮುರಿಯುವ ಸದ್ದೊಂದೇ. ಎಷ್ಟೋ ಭಾನುವಾರ ಒಂದು ಮಾತೂ ಆಡದೆ ಕಳೆದೆ.

ಪಕ್ಕದ ಯಂತ್ರದ ಮಾರುತಿ ಖಾನಾಪುರದವನು. "ಒಬ್ಬಾವ ಕುಂತು ಏನ್ ಮಾಡ್ತಿ? ನಮ್ಮ ಮನಿಗೆ ಬಾ" ಎಂದು ಬೈಕಿನಲ್ಲಿ ಕರೆದೊಯ್ದ. ಅವನ ತಾಯಿ ಬಿಸಿ ಅನ್ನ, ಹುರುಳಿ ಸಾರು ಬಡಿಸಿದರು. ಆಮೇಲೆ ಮಲಪ್ರಭೆಯ ದಂಡೆಯಲ್ಲಿ ಮಾರುತಿ ಗಾಂಜಾ ಹಚ್ಚಿ ನನಗೂ ಕೊಟ್ಟ. ಅವನು ಪಕ್ಕದಲ್ಲಿ ಕೂತಿರಲಿ ಎಂದೇ ಸೇದಿದೆ.

ಅವನಿಗೆ ಅದು ಭಾನುವಾರದ ಮೋಜು. ಕೆಲವೇ ತಿಂಗಳಲ್ಲಿ ನನಗೆ ದಿನವೂ ಬೇಕಾಯಿತು. ಸೇದಿದರೆ ಒಂಟಿತನ ಮರೆತುಹೋಗುತ್ತಿತ್ತು. ಯಾರಾದರೂ ಕಂಡಾರೆಂದು ಕದ ಹಾಕಿಕೊಂಡೆ, ಊರಿನಿಂದ ಬರುವ ತಂಗಿಯ ಫೋನು ಎತ್ತುವುದನ್ನೂ ಬಿಟ್ಟೆ; ಇನ್ನಷ್ಟು ಒಂಟಿಯಾದೆ.

ಮಾರುತಿಗೆ ಮದುವೆ ಗೊತ್ತಾಯಿತು. ಕಾರ್ಖಾನೆಯಲ್ಲಿ ಎಲ್ಲರಿಗೂ ಲಗ್ನಪತ್ರಿಕೆ ಕೊಟ್ಟ, ನನಗಿಲ್ಲ. ಮರೆತಿರಬೇಕೆಂದು ಅವನ ತಾಯಿಗೊಂದು ಸೀರೆ ಕೊಂಡು ಖಾನಾಪುರದ ಬಸ್ಸು ಹತ್ತಿದೆ.

ಆಕೆ ಬಾಗಿಲಲ್ಲೇ ತಡೆದರು. "ನನ್ನ ಮಗಗ ನಶಾ ಕಲಿಸಿದಾಂವ ನೀನಂತ. ಅವನೇ ಹೇಳ್ಯಾನ. ಮದುವಿಗೆ ಬರಬ್ಯಾಡ."

ಹಿಂದೆ ಮಾರುತಿ ನಿಂತಿದ್ದ. "ನಿಜ ಹೇಳೋ," ಎಂದೆ. ಅವನು ಒಳಗೆ ಹೋದ. ಹೆಣ್ಣಿನ ಕಡೆಯವರಿಗೆ ಅವನ ಚಟದ ಸುದ್ದಿ ಮುಟ್ಟಿತ್ತೆಂದು ಆಮೇಲೆ ಕಾರ್ಖಾನೆಯಲ್ಲಿ ಕೇಳಿದೆ. ತಪ್ಪು ಹೊರಿಸಲು ಪರ ಊರಿನ ನಾನು ಸಿಕ್ಕಿದ್ದೆ. ಆ ದಿನ ಸೀರೆಯನ್ನು ಅವರ ಮನೆಯ ಕಟ್ಟೆಯ ಮೇಲಿಟ್ಟು ಬಂದೆ.

ಆ ವಾರವೆಲ್ಲ ಸೇದಿದೆ. ಅದೇ ಮಂಪರಿನಲ್ಲಿ ಲೇತ್ ಮುಂದೆ ನಿಂತು ಬೆರಳು ಸೀಳಿಕೊಂಡೆ. ಹೊಲಿಗೆ ಹಾಕಿದ ಡಾಕ್ಟರಮ್ಮ ನನ್ನ ಕಣ್ಣು ನೋಡಿ, "ದಿನಾ ಯಾರ ಜೋಡಿ ಉಣತೀರಿ?" ಎಂದು ಕೇಳಿದರು. ಅತ್ತುಬಿಟ್ಟೆ. ಅವರು ಕಳಿಸಿದ ಮನೋವೈದ್ಯರ ಬಳಿ ಈಗಲೂ ಹೋಗುತ್ತೇನೆ. ಎರಡು ಸಲ ಜಾರಿ ಮತ್ತೆ ಸೇದಿದೆ. ಈಗ ಸೇದದೆ ಐದು ತಿಂಗಳು.

ತಂಗಿಯ ಫೋನು ಮತ್ತೆ ಎತ್ತುತ್ತಿದ್ದೇನೆ; "ಊರಿಗೆ ಬಂದ್ಬಿಡಣ್ಣ" ಅನ್ನುತ್ತಾಳೆ. ಮಾರುತಿ ಇನ್ನೂ ಪಕ್ಕದ ಯಂತ್ರದಲ್ಲೇ ಇದ್ದಾನೆ. ಮೊನ್ನೆ ತಲೆ ತಗ್ಗಿಸಿ, "ತಪ್ಪಾತೋ," ಎಂದ.

"ನಿಮ್ಮವ್ವನ ಮುಂದ ಹೇಳು," ಎಂದೆ.

ಇನ್ನೂ ಹೇಳಿಲ್ಲ. ಅವನು ಹೇಳುವ ತನಕ ಈ ಊರು ಬಿಡಲು ಮನಸ್ಸಿಲ್ಲ. ಹೇಳಿದ ಮೇಲೂ ಇದು ನನ್ನ ಊರಾದೀತೆಂಬ ನಂಬಿಕೆಯಿಲ್ಲ.