ಮಡ್ಡಿಗೆ ತಕ್ಕಷ್ಟು ಹಗ್ಗ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹುಕ್ಕೇರಿ ತಾಲ್ಲೂಕಿನ ಅಂಚಿನ ಈ ಸಣ್ಣ ಊರಿನ ಕಟ್ಟೆಯ ಮುಂದೆ ಆಗಲೇ ಮನೆಗೊಬ್ಬರಂತೆ ಜನ ಸೇರಿದ್ದಾರೆ. ಎಲ್ಲರ ಕೈಯಲ್ಲೂ ಕುಡುಗೋಲು. ಕಟ್ಟೆಯ ಮೇಲೆ ಕೂತ ಗೌರವ್ವ ಪುಂಡಿ ನಾರಿನ ಹಗ್ಗವೊಂದನ್ನು ಉದ್ದನೆಯ ಚಪ್ಪಡಿಯ ಮೇಲೆ ಹಾಸಿ, ಸುಕ್ಕು ಬಿಡಿಸಿ, ಬಿಗಿಯಾಗಿ ಎಳೆಯುತ್ತಾರೆ. ಪಕ್ಕದಲ್ಲಿ ಸಣ್ಣ ಕೊಡಲಿ ಇದೆ.

‘ಸ್ವಲ್ಪ ಹಿಂದ ಸರೀರಿ, ಗೆರಿ ಕಾಣವಲ್ದು’ ಎನ್ನುತ್ತಾರೆ.

ಚಪ್ಪಡಿಯಲ್ಲಿ ಮೂರು ಗೆರೆ ಕೊರೆದಿದೆ. ಏಳು ಮೊಳ, ಆರು ಮೊಳ, ಐದು ಮೊಳ. ಕೊಡಲಿ ಯಾವ ಗೆರೆಯ ಮೇಲೆ ಬೀಳುತ್ತದೆ ಎಂಬುದರ ಮೇಲೆ ಅರವತ್ತನಾಲ್ಕು ಮನೆಗಳ ದನಕರುಗಳ ಬೇಸಿಗೆ ನಿಂತಿದೆ.

ಊರ ಹಿಂದೆ ನೂರೈವತ್ತು ಎಕರೆ ಮಡ್ಡಿ ಇದೆ. ಉಳುಮೆಗೆ ಬಾರದ ಕಲ್ಲು ನೆಲ. ಅಲ್ಲಿ ಬೆಳೆಯುವ ಕರಡ ಎಂಬ ಹುಲ್ಲೇ ಊರಿನ ಮೇವು. ಅದು ಯಾರೊಬ್ಬರದೂ ಅಲ್ಲ, ಎಲ್ಲರದು. ಬೀಜ ಕಟ್ಟಿದ ಮೇಲೆ ನಲವತ್ತು ದಿನ ಕೊಯ್ಲು. ದಿನಕ್ಕೆ ಮನೆಗೊಂದು ಹೊರೆ, ಅದೂ ತಲೆಯ ಮೇಲೆ. ಚಕ್ಕಡಿ ಇಲ್ಲ, ಟ್ರ್ಯಾಕ್ಟರ್ ಇಲ್ಲ. ಗೌರವ್ವ ಕೊಟ್ಟ ಹಗ್ಗದಲ್ಲಿ ಎಷ್ಟು ಹುಲ್ಲು ಕಟ್ಟಲಾಗುತ್ತದೋ ಅಷ್ಟೇ ಆ ದಿನದ ಪಾಲು. ಹಗ್ಗಕ್ಕೆ ತುಂಡು ಸೇರಿಸಿ ಗಂಟು ಹಾಕಿದವರಿಗೆ ಆ ವರ್ಷ ಹೊರೆಯೇ ಇಲ್ಲ. ಪ್ರತಿ ವರ್ಷ ಹಗ್ಗ ಹೊಸದು, ಅದರ ಅಳತೆಯೂ ಹೊಸದು. ಮೊದಲ ಹಗ್ಗ ಕಡಿದ ಅಳತೆಗೇ ಉಳಿದ ಮನೆಗಳ ಹಗ್ಗವನ್ನೂ ಕಡಿಯುತ್ತಾರೆ.

ಈ ಕೊಯ್ಲು ನೋಡಲು ಬಂದ ನಾನು ಬಿ.ಎ.ಯಲ್ಲಿ ಮೂರು ವರ್ಷ ಅರ್ಥಶಾಸ್ತ್ರ ಓದಿದವನು. ಬೇಡಿಕೆ ಎಷ್ಟು ಎಂಬಲ್ಲಿಂದ ಪಾಠ ಶುರುವಾಗುತ್ತಿತ್ತು, ಭೂಮಿಯ ಮಾತು ಬರುವಷ್ಟರಲ್ಲಿ ಪರೀಕ್ಷೆಯೇ ಬಂದುಬಿಡುತ್ತಿತ್ತು. ಸಹಿ ಮಾಡಲಷ್ಟೇ ಕಲಿತ ಗೌರವ್ವ ಶುರು ಮಾಡುವುದು ಮಡ್ಡಿ ಎಷ್ಟು ಕೊಟ್ಟೀತು ಎಂಬಲ್ಲಿಂದ. ಯಾರ ಮನೆಯೂ ಬರಿಗೈಯಲ್ಲಿ ಹೋಗಬಾರದು ಎಂಬುದು ಆಮೇಲಿನ ಮಾತು. ಈ ಎರಡಕ್ಕೂ ಹೊಂದುವಂತೆ ಅವರು ಹಗ್ಗ ಕಡಿಯುತ್ತಾರೆ. ನನಗೆ ಕಲಿಸಿದ ಮೇಷ್ಟ್ರುಗಳನ್ನೆಲ್ಲ ಒಂದು ದಿನ ಇಲ್ಲಿ ತಂದು ಕೂರಿಸಬೇಕು ಅನ್ನಿಸುತ್ತದೆ.

ಗೌರವ್ವಗೆ ಐವತ್ತೆಂಟು ವರ್ಷ. ಸ್ವಂತ ಹೊಲವಿಲ್ಲ. ಗಂಡ ತೀರಿಕೊಂಡ ಮೇಲೆ ಕಬ್ಬಿನ ಕಳೆ ಕಿತ್ತು ಮಗಳನ್ನು ಓದಿಸಿದರು. ಈ ಕೆಲಸ ಅತ್ತೆಯಿಂದ ಬಂದದ್ದು, ಇದು ಹತ್ತೊಂಬತ್ತನೆಯ ವರ್ಷ. ಸಂಬಳವೆಂದರೆ ವರ್ಷಕ್ಕೆ ಪ್ರತಿ ಮನೆಯಿಂದ ಎರಡು ಸೇರು ಜೋಳ. ಕೊಯ್ಲಿಗೆ ಮುಂಚೆ ಮೂರು ದಿನ ಮಡ್ಡಿ ತುಂಬ ಅಡ್ಡಾಡಿ, ಹುಲ್ಲಿನ ಬುಡಕ್ಕೆ ಕೈಹಾಕಿ ನೋಡುತ್ತಾರೆ.

‘ಮ್ಯಾಲಿನ ಗರಿ ನೋಡಿದ್ರ ಮೋಸ ಹೋಗ್ತೀರಿ. ಬುಡ ಹಿಡದ್ರ ಖರೆ ತಿಳೀತೈತಿ. ಹತ್ತು ಬುಡದಾಗ ಮೂರು ಬೀಜಕ್ಕ ಬಿಡಬೇಕ್ರಿ. ಉಳದ ಏಳು ನಮ್ಮವು’ ಎನ್ನುತ್ತಾರೆ.

ಮಗಳು ದೀಪಾ ಮೂಡಲಗಿಯ ಶಾಲೆಯೊಂದರಲ್ಲಿ ಗಣಿತದ ಶಿಕ್ಷಕಿ. ‘ಹಗ್ಗ ಆರು ಮೊಳದಿಂದ ಐದಕ್ಕ ಬಂದ್ರ ಹೊರಿ ಹೆಚ್ಚೂ ಕಡಿಮಿ ಮೂರನೇ ಒಂದು ಪಾಲು ಇಳೀತೈತ್ರಿ. ನಾ ಬೋರ್ಡ್ ಮ್ಯಾಲೆ ಲೆಕ್ಕಾ ಮಾಡಿ ನೋಡೀನಿ. ಅವ್ವಗ ಅದು ಕೈಯಾಗ ಗೊತ್ತೈತಿ’ ಎಂದು ನಿನ್ನೆ ಹೇಳಿ ನಕ್ಕಿದ್ದರು.

ಆದರೆ ಇವತ್ತು ಕಟ್ಟೆಯ ಮುಂದೆ ಯಾರಿಗೂ ನಗು ಬರುತ್ತಿಲ್ಲ. ಶ್ರಾವಣದಲ್ಲಿ ಮಳೆ ಕೈಕೊಟ್ಟಿದೆ. ಹುಲ್ಲು ಮೊಣಕಾಲು ದಾಟಿಲ್ಲ. ಮಡ್ಡಿಯ ಕಮಿಟಿಯ ಹಿರಿಯ ಅಲ್ಲಪ್ಪ ಸಾವಕಾರರು ಹೋದ ವರ್ಷ ಡೇರಿ ಮಾಡಿ ಹನ್ನೆರಡು ಎಮ್ಮೆ ಕಟ್ಟಿದ್ದಾರೆ. ಅವರಿಗೆ ಆರು ಮೊಳಕ್ಕೆ ಕಡಿಮೆಯಾದರೆ ಆಗದು. ಗೌರವ್ವರ ಪಕ್ಕದ ಮನೆಯ ಯಲ್ಲವ್ವಗೆ ಇರುವುದು ಒಂದೇ ಎಮ್ಮೆ, ಇನ್ನು ಹದಿನೈದು ದಿನಕ್ಕೆ ಕರು ಹಾಕಲಿದೆ. ಅವಳಿಗೂ ಆರೇ ಬೇಕು.

ಅಲ್ಲಪ್ಪ ಮುಂದೆ ಬರುತ್ತಾರೆ. ‘ಗೌರವ್ವ, ಆರು ಹಾಕು. ಇಲ್ಲಂದ್ರ ಮುಂದಿನ ವರ್ಷ ಮಡ್ಡಿ ಗುತ್ತಿಗಿ ಕೊಡೂದ. ನಿನ್ನ ಹಗ್ಗದ ಕೆಲಸ ಇವತ್ತಿಗಿ ಮುಗೀತು ಅಂತ ತಿಳಿ.’

‘ನಿಮಗ ಮೇವಿಗಿ ಕಬ್ಬಿನ ಸೋಗಿ ಐತ್ರಿ ಸಾವಕಾರ್ರ. ಮಡ್ಡಿ ಬೋಳಾದ್ರ ಇವರಿಗೆ ಏನೈತ್ರಿ?’

‘ಇವರೂ ಆರೇ ಕೇಳಾಕತ್ತಾರ, ಕೇಳಿ ನೋಡು. ನಾಕು ವರ್ಷದ ಹಿಂದನೂ ಮಳಿ ಇರಲಿಲ್ಲ. ಆವಾಗ ನೀನ ಆರು ಮೊಳ ಕೊಟ್ಟಿದ್ದಿ. ಈಗೇನಾತು ನಿನಗ?’

ಜನ ತಲೆಯಾಡಿಸುತ್ತಾರೆ. ಹೌದು, ಕೊಟ್ಟಿದ್ದರು. ಮರುವರ್ಷ ಮಳೆ ಬಂದರೂ ಮಡ್ಡಿ ಬೋಳಾಗಿಯೇ ಇತ್ತು. ಹನ್ನೊಂದು ಮನೆಗಳ ಎಮ್ಮೆಗಳು ಸಂತೆಯಲ್ಲಿ ಬಂದಷ್ಟಕ್ಕೆ ಹೋದವು. ಊರು ಹಣೆಬರಹ ಎಂದು ಸುಮ್ಮನಾಗಿತ್ತು.

ಗೌರವ್ವರ ಕೈ ಹಗ್ಗದ ಮೇಲೆಯೇ ಇದೆ, ಕೊಡಲಿಯತ್ತ ಹೋಗುವುದಿಲ್ಲ. ಇವರು ಈಗ ಸೋಲುತ್ತಾರೆ ಎಂದೇ ನಾನು ಅಂದುಕೊಳ್ಳುತ್ತೇನೆ.

‘ಕೊಟ್ಟಿದ್ದೆ ಖರೆ’ ಎನ್ನುತ್ತಾರೆ ಗೌರವ್ವ. ‘ಆ ವರ್ಷ ಬುಡ ಹಿಡದು ನೋಡಿದಾಗ ಐದ ಅಂತ ನನಗ ಗೊತ್ತಾಗಿತ್ತು. ಆದ್ರ ನನ್ನ ಎಮ್ಮಿ ಗಬ್ಬ ಇತ್ತು. ನನ್ನ ಮನಿ ಸಲುವಾಗಿ ಆರು ಕಡದೆ. ಬೀಜಕ್ಕ ಬಿಟ್ಟಿದ್ದೂ ಎಲ್ಲಾರೂ ಕೊಯ್ದು ಒಯ್ದರು. ನಿಮ್ಮ ಹನ್ನೊಂದು ಮನಿ ಎಮ್ಮಿ ಹೋಗಿದ್ದು ಮಳಿಯಿಂದ ಅಲ್ಲ, ನನ್ನಿಂದ. ಇಷ್ಟು ದಿನ ಹೇಳಾಕ ಧೈರ್ಯ ಆಗಿರಲಿಲ್ಲ.’

ಯಾರೋ ಹಿಂದಿನಿಂದ ಬೈಯುತ್ತಾರೆ. ಇನ್ನೊಬ್ಬರು ಕುಡುಗೋಲು ನೆಲಕ್ಕೆ ಎಸೆಯುತ್ತಾರೆ. ಆ ಹನ್ನೊಂದು ಮನೆಗಳಲ್ಲಿ ಯಲ್ಲವ್ವನದೂ ಒಂದು ಎಂದು, ಕೊಯ್ಲಿಗೆಂದು ಊರಿಗೆ ಬಂದ ದೀಪಾ ನನ್ನ ಕಿವಿಯಲ್ಲಿ ಹೇಳುತ್ತಾರೆ. ನನಗೆ ಅಲ್ಲಿ ನಿಲ್ಲಲಾಗುವುದಿಲ್ಲ, ಹೋಗಲೂ ಆಗುವುದಿಲ್ಲ.

ಗೌರವ್ವ ತಲೆ ಎತ್ತುವುದಿಲ್ಲ. ಹಗ್ಗವನ್ನು ಇನ್ನೊಮ್ಮೆ ಎಳೆದು, ಕೊಡಲಿ ಎತ್ತಿ, ಐದನೆಯ ಮೊಳದ ಗೆರೆಯ ಮೇಲೆ ಬಿಡುತ್ತಾರೆ. ತುಂಡು ಉರುಳಿ ಅಲ್ಲಪ್ಪನವರ ಕಾಲ ಬಳಿ ಬೀಳುತ್ತದೆ. ಅವರು ಅದನ್ನು ನೋಡಿ, ಮನೆ ಕಡೆ ನಡೆಯುತ್ತಾರೆ.

ಉಳಿದವರು ನಿಂತೇ ಇದ್ದಾರೆ. ಮೊದಲ ಹಗ್ಗ ಯಾರೂ ತೆಗೆದುಕೊಳ್ಳದಿದ್ದರೆ ಊರ ಕಟ್ಟಳೆ ಮುರಿದಂತೆ, ಮಧ್ಯಾಹ್ನದೊಳಗೆ ಮಡ್ಡಿಗೆ ಉಳ್ಳವರ ಟ್ರ್ಯಾಕ್ಟರ್ ಹತ್ತುತ್ತದೆ, ಅದು ಎಲ್ಲರಿಗೂ ಗೊತ್ತು.

ಕಡೆಗೆ ಯಲ್ಲವ್ವ ಜನರನ್ನು ಸರಿಸಿ ಬಂದು ಕೈಚಾಚುತ್ತಾಳೆ. ‘ನಿನ್ನ ಮ್ಯಾಲಿನ ಸಿಟ್ಟು ನಾ ಸಾಯೂ ತನಕ ಹೋಗೂದಿಲ್ಲ ಗೌರವ್ವಕ್ಕ. ಆ ಹಗ್ಗಾ ತಾ ಇಲ್ಲಿ.’

ಅವಳ ಹಿಂದೆ ಒಬ್ಬೊಬ್ಬರೇ ಬರುತ್ತಾರೆ. ಕೆಲವರು ಹಗ್ಗವನ್ನು ಕಿತ್ತುಕೊಂಡಂತೆ ಒಯ್ಯುತ್ತಾರೆ. ಸೂರ್ಯ ಮೇಲೇರುವ ಹೊತ್ತಿಗೆ ಅರವತ್ತಮೂರು ಹಗ್ಗ ಹೋಗಿವೆ. ಒಂಬತ್ತರ ಸುಮಾರಿಗೆ ಸಾವಕಾರರ ಮನೆಯ ಆಳು ಹನಮಂತ ಬಂದು, ಮುಖ ನೋಡದೆ ಕೊನೆಯದನ್ನೂ ಹೆಗಲಿಗೆ ಹಾಕಿಕೊಳ್ಳುತ್ತಾನೆ.

ಕಟ್ಟೆಯ ಮೇಲೆ ಗೌರವ್ವ ಒಬ್ಬರೇ. ನಾರಿನ ತುಂಡುಗಳನ್ನು ಗುಡಿಸುತ್ತಿದ್ದಾರೆ. ಇಷ್ಟೆಲ್ಲ ಹೇಳಿ ಕೆಲಸಕ್ಕೆ ಕುತ್ತು ತಂದುಕೊಂಡಿರಲ್ಲ, ಮುಂದಿನ ವರ್ಷ ನಿಮ್ಮನ್ನು ಇಟ್ಟುಕೊಳ್ಳುತ್ತಾರಾ ಎಂದು ಕೇಳುತ್ತೇನೆ. ಅವರು ಮಡ್ಡಿಯ ಕಡೆ ನೋಡುತ್ತಾರೆ. ಅಲ್ಲಿ ಜನ ಬಗ್ಗಿ ಕೊಯ್ಯುತ್ತಿದ್ದಾರೆ.

‘ನಾ ಇರ್ತೇನೋ ಇಲ್ಲೋ, ಗೊತ್ತಿಲ್ರಿ. ಹುಲ್ಲಂತೂ ಇರತೈತಿ.’